ಪಾಠದಲ್ಲಿ ವಿದ್ಯಾರ್ಥಿಯ ಪಾಲು

ಪ್ರಶ್ನೋಪನಿಷತ್ತಿನ ಆರಂಭದಲ್ಲಿ ಆರು ಮಂದಿ ಜಿಜ್ಞಾಸುಗಳು ಸಮಿತ್ತುಗಳನ್ನು ಹಿಡಿದು ಪಿಪ್ಪಲಾದ ಮಹರ್ಷಿಯ ಬಳಿಗೆ ಬರುತ್ತಾರೆ. ಒಂದು ವರ್ಷಕಾಲ ವ್ರತನಿಷ್ಠರಾಗಿ ತನ್ನಲ್ಲಿರಬೇಕೆಂದೂ, ಆಮೇಲೆ ಬಯಸಿದುದನ್ನು ಕೇಳಬಹುದೆಂದೂ, ತಿಳಿದಿದ್ದರೆ ಹೇಳುವುದಾಗಿಯೂ ಋಷಿ ನುಡಿಯುತ್ತಾನೆ. ವರ್ಷ ಕಳೆದ ಮೇಲೆ ಒಬ್ಬೊಬ್ಬರೂ ಒಂದೊಂದು ಪ್ರಶ್ನೆಯನ್ನು ಮುಂದಿಡುತ್ತಾರೆ. ಆ ಆರು ಪ್ರಶ್ನೆಗಳೇ ಉಪನಿಷತ್ತಿನ ಆರು ಭಾಗಗಳಾದುವು. ಪಾಠದ ಕ್ರಮವನ್ನು ನಿರ್ಣಯಿಸಿದವರು ಶಿಷ್ಯರು. ಅದಕ್ಕೆ ಬೇಕಾದ ಸಿದ್ಧತೆಯನ್ನು ವಿಧಿಸಿದವನು ಗುರು. ಈ ಎರಡನೆಯ ಮಾತನ್ನೂ ಮರೆಯಲಾಗದು.

ಇಂದಿನ ತರಗತಿಯಲ್ಲಿ ಇದು ತಲೆಕೆಳಗಾಗಿದೆ. ಶಾಲೆ ತೆರೆದು ಪುಸ್ತಕ ಕೈಸೇರುವ ವೇಳೆಗೆ ಯಾವ ತಿಂಗಳು ಯಾವ ಪಾಠ, ಅದಕ್ಕೆ ಎಷ್ಟು ಅವಧಿ ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಕೇಳಬೇಕಾದ ಪ್ರಶ್ನೆಗಳೂ ಪಾಠದ ಕೊನೆಯಲ್ಲಿ ಅಚ್ಚಾಗಿರುತ್ತವೆ. (ಈ ಪಾಠದ ಕೊನೆಯಲ್ಲಿಯೂ ಅವು ಇದ್ದಾವು!)

ಹಾಗೆಂದು ಪಠ್ಯಕ್ರಮವೇ ಬೇಡವೆಂದು ನನ್ನ ವಾದವಲ್ಲ. ಮಗ್ಗಿಯನ್ನೂ ಕಾಗುಣಿತವನ್ನೂ ಮತಕ್ಕೆ ಹಾಕಲಾಗದು. ಬೀದರಿನ ಹುಡುಗಿಗೂ ಮಡಿಕೇರಿಯ ಹುಡುಗನಿಗೂ ಸಮಾನವಾದ ಬುನಾದಿ ದೊರೆಯಬೇಕಾದರೆ ಎಲ್ಲರಿಗೂ ಒಂದೇ ಪಠ್ಯವಿರುವುದು ನ್ಯಾಯವೇ. ಆದರೆ ಆ ಚೌಕಟ್ಟಿನೊಳಗೆ ಎಷ್ಟೊಂದು ಎಡೆಯಿದೆ! ನೀರಾವರಿಯ ಪಾಠವನ್ನು ಪುಸ್ತಕದಿಂದ ಆರಂಭಿಸಬೇಕೋ ಊರ ಕೆರೆಯ ತೂಬಿನಿಂದಲೋ. ಕಂಠಪಾಠಕ್ಕೆ ಯಾವ ಪದ್ಯ. ಅರ್ಥವಾಗದ ಪ್ರಮೇಯವನ್ನು ಮತ್ತೊಮ್ಮೆ ಎಂದು ತಿಳಿಯುವುದು. ಇವನ್ನು ವಿದ್ಯಾರ್ಥಿಗಳೊಡನೆ ಕುಳಿತು ನಿಶ್ಚಯಿಸಿದರೆ ಯಾವ ನಿಯಮಕ್ಕೆ ಭಂಗ ಬಂದೀತು?

ಈ ವಿಚಾರವನ್ನು ಬಹುದೂರ ಕೊಂಡೊಯ್ದ ಶಾಲೆಯೊಂದು ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿದೆ. ಎ. ಎಸ್. ನೀಲ್ ಎಂಬ ಶಿಕ್ಷಣತಜ್ಞರು 1921ರಲ್ಲಿ ಆರಂಭಿಸಿದ ಸಮ್ಮರ್‌ಹಿಲ್ ಅದು. ಅಲ್ಲಿ ತರಗತಿಗೆ ಬರುವುದೂ ಬಿಡುವುದೂ ವಿದ್ಯಾರ್ಥಿಯ ಇಚ್ಛೆ. ಶಾಲಾಜೀವನದ ನಿಯಮಗಳನ್ನು ಮಾಡುವುದು ಎಲ್ಲರೂ ಸೇರಿದ ಸಭೆ. ಪುಟ್ಟ ಮಗುವಿಗೂ ಮುಖ್ಯೋಪಾಧ್ಯಾಯರಿಗೂ ಅಲ್ಲಿ ಒಂದೊಂದೇ ಮತ. 1999ರಲ್ಲಿ ಸರ್ಕಾರದ ಪರಿವೀಕ್ಷಕರು ಇದನ್ನು ಆಕ್ಷೇಪಿಸಿದಾಗ ಶಾಲೆಯೇ ಮುಚ್ಚುವ ಭೀತಿಯುಂಟಾಯಿತು. 2000ದ ಮಾರ್ಚ್ ತಿಂಗಳಲ್ಲಿ ಲಂಡನ್ನಿನಲ್ಲಿ ವಿಚಾರಣೆ ನಡೆಯುತ್ತಿದ್ದಾಗ ಸರ್ಕಾರ ರಾಜಿಗೆ ಬಂದಿತು. ರಾಜಿಯ ಕರಾರನ್ನು ಒಪ್ಪಬೇಕೆ, ಬೇಡವೆ? ಮಕ್ಕಳು ಅದೇ ನ್ಯಾಯಾಲಯದ ಕೊಠಡಿಯಲ್ಲಿ ಸಭೆ ಸೇರಿ, ಚರ್ಚಿಸಿ, ಮತ ಹಾಕಿ ಒಪ್ಪಿಗೆಯಿತ್ತರು. ಮಾತನಾಡುವ ಅಭ್ಯಾಸ ಅವರಿಗೆ ಮೊದಲೇ ಇತ್ತಷ್ಟೆ.

ತರಗತಿ ತಪ್ಪಿಸುವ ಸ್ವಾತಂತ್ರ್ಯವನ್ನು ನಾನು ನಮ್ಮ ಶಾಲೆಗಳಿಗೆ ಬಯಸುವುದಿಲ್ಲ. ಬಡವರ ಮನೆಯ ಮಗು ಕಳೆದುಕೊಂಡ ವರ್ಷ ಮರಳಿ ದೊರೆಯುವುದು ಕಷ್ಟ. ಆದರೆ ಆ ಸಭೆಯನ್ನು ಬಯಸುತ್ತೇನೆ. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕೆಂದು ನಮ್ಮ ರಾಜ್ಯ ಸರ್ಕಾರವೇ 2006ರಲ್ಲಿ ಆದೇಶಿಸಿತು. ಊರಿನ ಬೀದಿದೀಪದ ಬಗೆಗೆ ದೂರಬಲ್ಲ ಮಗು ತನ್ನ ಪಾಠದ ಬಗೆಗೆ ಮಾತನಾಡಲಾರದೆ?

ಮಕ್ಕಳಿಗೇನು ತಿಳಿದೀತು ಎನ್ನುವ ಹಿರಿಯರುಂಟು. ಯಾವ ಸಾಲಿನಲ್ಲಿ ದಾರಿ ತಪ್ಪಿತೆಂಬುದು ಕಲಿಯುವವನಿಗಲ್ಲದೆ ಬೇರಾರಿಗೆ ಗೊತ್ತು? ನೀವೂ ಒಂದನ್ನು ಗಮನಿಸಬೇಕು. ಪಾಠ ಬೇಸರವೆಂದಷ್ಟೇ ಹೇಳಿದರೆ ಸಾಲದು; ಏಕೆ ಬೇಸರ, ಹೇಗಿದ್ದರೆ ತಿಳಿದೀತು ಎಂಬುದನ್ನೂ ಯೋಚಿಸಿಕೊಂಡು ಹೋಗಬೇಕು. ತಿಂಗಳಿಗೊಂದು ಅವಧಿಯನ್ನು ಇದಕ್ಕಾಗಿಯೇ ಕೊಡಿರೆಂದು ಕೇಳಬೇಕು. ಅಧಿಕಪ್ರಸಂಗಿಯೆಂದು ಗದರಿಸಿ ಕೂರಿಸುವವರು ಈಗಲೂ ಇದ್ದಾರೆ. ಅವರಲ್ಲಿಯೂ ವಿನಯದಿಂದ ಮತ್ತೊಮ್ಮೆ ಕೇಳಿ ನೋಡಿರಿ.