ಕಿಟಕಿಯ ಬೆಳಕು, ಫಿಲ್ಮಿನ ಬಣ್ಣ: ಅಳತೆಗೋಲು ಯಾರ ಮೈಬಣ್ಣ?

ಜಪಾನಿನ ಫ್ಯೂಜಿಫಿಲ್ಮ್ ಸಂಸ್ಥೆಯು ಪ್ರೊ 400ಎಚ್ ಎಂಬ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರ ಜನವರಿಯಲ್ಲಿ ಪ್ರಕಟಿಸಿದಾಗ ಮದುವೆ ಹಾಗೂ ಭಾವಚಿತ್ರಗಳ ಛಾಯಾಗ್ರಾಹಕರು ಮರುಗಿದ್ದರು. ಅದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಎಕ್ಸ್-ಟಿ50 ಎಂಬ ಡಿಜಿಟಲ್ ಕ್ಯಾಮೆರಾವನ್ನು ಪರಿಚಯಿಸಿತು. ಅದರ ನೆತ್ತಿಯ ಮೇಲಿರುವ ಒಂದು ತಿರುಗು ಗುಂಡಿಯ ಕೆಲಸವೇ ಫಿಲ್ಮುಗಳ ಬಣ್ಣವನ್ನು ಅನುಕರಿಸುವುದು. ಇದು ವಿಚಿತ್ರವೆನಿಸಿದರೂ ಅಚ್ಚರಿಯ ಸಂಗತಿಯೇನಲ್ಲ. ಫಿಲ್ಮಿನ ಸುರುಳಿಯನ್ನು ಕೈಯಲ್ಲಿ ಹಿಡಿಯದೆ ಬೆಳೆದ ಪೀಳಿಗೆಗೆ ಈಗ ಫಿಲ್ಮಿನ ಬಣ್ಣ ಬೇಕಾಗಿದೆ.

ಈ ಹಂಬಲ ಎದ್ದು ಕಾಣುವ ಒಂದು ಕ್ಷೇತ್ರ ಕಾಸ್‌ಪ್ಲೇ ಭಾವಚಿತ್ರ. ಆನಿಮೆ, ಕಾಮಿಕ್ಸ್, ವಿಡಿಯೊ ಗೇಮ್‌ಗಳ ಪಾತ್ರಗಳ ವೇಷ ತೊಟ್ಟು ಆ ಪಾತ್ರವೇ ಆಗುವ ಈ ಹವ್ಯಾಸಕ್ಕೆ ಹೆಸರು ದೊರೆತದ್ದು 1980ರ ದಶಕದ ಆರಂಭದಲ್ಲಿ, ಜಪಾನಿನ ನೊಬುಯುಕಿ ತಕಹಾಶಿ ಅವರ ಬರಹದಿಂದ. ಅಲ್ಲಿನ ನಗೋಯಾ ನಗರದಲ್ಲಿ ವಿಶ್ವ ಕಾಸ್‌ಪ್ಲೇ ಸಮ್ಮೇಳನ ಆರಂಭವಾದದ್ದು 2003ರಲ್ಲಿ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿಯೂ ವೇಷಧಾರಿಗಳದ್ದೇ ಸಂಭ್ರಮ. ಆದರೆ ಸಭಾಂಗಣದ ನೂಕುನುಗ್ಗಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ವೇಷ ಕಾಣುತ್ತದೆಯೇ ಹೊರತು ಪಾತ್ರ ಕಾಣುವುದಿಲ್ಲ. ತಿಂಗಳುಗಟ್ಟಲೆ ಹೊಲಿದ ಉಡುಪಿಗೆ ನ್ಯಾಯ ಒದಗಿಸಬೇಕೆಂಬವರು ಮನೆಯ ಕೋಣೆಗೆ, ಕಿಟಕಿಯ ಪಕ್ಕಕ್ಕೆ ಮರಳುತ್ತಿದ್ದಾರೆ.

ಕಿಟಕಿಯ ಬೆಳಕಿಗೆ ಬಾಡಿಗೆಯಿಲ್ಲ ಎಂಬುದಷ್ಟೇ ಕಾರಣವಲ್ಲ. ನೇರ ಬಿಸಿಲು ಬೀಳದ ದೊಡ್ಡ ಕಿಟಕಿಯು ಮುಖದ ಒಂದು ಪಾರ್ಶ್ವವನ್ನು ಮೃದುವಾಗಿ ಬೆಳಗಿ ಇನ್ನೊಂದನ್ನು ನೆರಳಿಗೆ ಬಿಡುತ್ತದೆ. ಎದುರಿಗೆ ಬಿಳಿ ಪಂಚೆಯನ್ನೋ ಥರ್ಮೋಕೋಲ್ ಹಾಳೆಯನ್ನೋ ಹಿಡಿದರೆ ನೆರಳು ತಿಳಿಯಾಗುತ್ತದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಬೇಕು. ಇಲ್ಲವಾದರೆ ಎರಡು ಬಣ್ಣದ ಬೆಳಕು ಬೆರೆತು ಕೆನ್ನೆ ಹಸಿರಾಗುತ್ತದೆ. ಈ ವಿದ್ಯೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. 1956ರ ‘ಅಪರಾಜಿತೊ’ ಚಿತ್ರಕ್ಕಾಗಿ ಸ್ಟುಡಿಯೊದಲ್ಲಿ ಕಟ್ಟಿದ ವಾರಾಣಸಿಯ ಮನೆಯಲ್ಲಿ ಸುಬ್ರತ ಮಿತ್ರ ಅವರು ಬಿಳಿ ಬಟ್ಟೆಯಿಂದ ಪ್ರತಿಫಲಿಸಿದ ಬೆಳಕಿನಲ್ಲೇ ಹಗಲನ್ನು ಸೃಷ್ಟಿಸಿದ್ದರು. ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರು ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಕನ್ನಡಿಗಳ ಮೂಲಕ ಬಿಸಿಲನ್ನೇ ಸ್ಟುಡಿಯೊದೊಳಕ್ಕೆ ತಂದವರು.

ಬೆಳಕಿನ ಮಾತು ಇಲ್ಲಿಗೆ ಸಾಕು. ತೊಡಕು ಇರುವುದು ಬಣ್ಣದಲ್ಲಿ.

ಬಣ್ಣದ ಫಿಲ್ಮು ಲೋಕವನ್ನು ಇದ್ದಂತೆ ತೋರಿಸುವ ತಟಸ್ಥ ಸಾಧನವೆಂದು ನಾವು ಬಹುಕಾಲ ನಂಬಿದ್ದೆವು. ವಾಸ್ತವ ಹಾಗಿರಲಿಲ್ಲ. ಅಮೆರಿಕದ ಕೊಡಕ್ ಸಂಸ್ಥೆಯು ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ ಮಾದರಿ ಚಿತ್ರದಲ್ಲಿ ಬಿಳಿಯ ಮಹಿಳೆಯೊಬ್ಬಳ ಭಾವಚಿತ್ರವಿರುತ್ತಿತ್ತು. ಮೊದಲ ರೂಪದರ್ಶಿಯ ಹೆಸರಿನಿಂದ ಅದು ‘ಶರ್ಲಿ ಕಾರ್ಡ್’ ಎಂದೇ ಪ್ರಸಿದ್ಧವಾಯಿತು. ಆಕೆಯ ಮೈಬಣ್ಣ ಸರಿಯಾಗಿ ಮೂಡಿದರೆ ಮುದ್ರಣ ಸರಿಯಾಗಿದೆ ಎಂದು ಅರ್ಥ. ಕಂದು ಮೈಬಣ್ಣದವರ ಮುಖದಲ್ಲಿ ಕಣ್ಣು, ಹಲ್ಲುಗಳ ಹೊರತು ಉಳಿದ ವಿವರ ಕತ್ತಲಲ್ಲಿ ಕರಗಿದರೆ ಅದು ಅವರ ದೌರ್ಭಾಗ್ಯವೆಂದೇ ಪರಿಗಣಿಸಲಾಗುತ್ತಿತ್ತು. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೊಂದು ಕಹಿ ಸಂಗತಿಯನ್ನು ದಾಖಲಿಸಿದೆ. ಕಂದು ಬಣ್ಣದ ಛಾಯೆಗಳನ್ನು ಸುಧಾರಿಸುವಂತೆ ಕೊಡಕ್ ಮೇಲೆ ಒತ್ತಡ ತಂದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ಮುಖ್ಯರು. ತಮ್ಮ ಸರಕುಗಳ ನಡುವಿನ ಬಣ್ಣಭೇದ ಜಾಹೀರಾತಿನಲ್ಲಿ ಕಾಣುತ್ತಿಲ್ಲವೆಂಬುದು ಅವರ ದೂರು. ಮನುಷ್ಯರ ಮುಖ ಕಾಣದಿದ್ದಾಗ ಬಾರದ ಕಾಳಜಿ ಮೇಜು, ಕುರ್ಚಿಗಾಗಿ ಬಂತು.

ನಂತರದ ಫಿಲ್ಮುಗಳು ಬಹಳ ಸುಧಾರಿಸಿದವು. 1998ರಲ್ಲಿ ಬಂದ ಪೋರ್ಟ್ರಾ ಸರಣಿಯನ್ನು ಎಲ್ಲ ಮೈಬಣ್ಣದವರ ಚಿತ್ರ ತೆಗೆಯುವವರೂ ಮೆಚ್ಚಿದ್ದಾರೆ. ಆದರೆ ಇಂದು ‘ಫಿಲ್ಮ್ ಬಣ್ಣ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಿದ್ಧ ಪ್ರಿಸೆಟ್‌ಗಳು ಅನೇಕ ವೇಳೆ ಫಿಲ್ಮಿನ ಗುಣವನ್ನಲ್ಲ, ಫಿಲ್ಮಿನ ಬಗೆಗಿನ ಒಂದು ಕಲ್ಪನೆಯನ್ನಷ್ಟೇ ಅನುಕರಿಸುತ್ತವೆ. ನೆಗೆಟಿವ್ ಫಿಲ್ಮಿಗೆ ತುಸು ಹೆಚ್ಚು ಬೆಳಕು ಕೊಟ್ಟರೆ ಬಣ್ಣ ಹಾಲು ಬೆರೆತಂತೆ ತಿಳಿಯಾಗುತ್ತಿತ್ತು. ಆ ತಿಳಿಬಣ್ಣಕ್ಕಾಗಿ ಪ್ರಿಸೆಟ್ ಮಾಡುವುದೇನು? ಕಿತ್ತಳೆ ಬಣ್ಣದ ಹೊಳಪನ್ನು ಏರಿಸುತ್ತದೆ, ಗಾಢತೆಯನ್ನು ಇಳಿಸುತ್ತದೆ, ನೆರಳಿಗೆ ಹಸಿರು ಲೇಪಿಸುತ್ತದೆ. ಮನುಷ್ಯರ ಮೈಬಣ್ಣ, ಅದರಲ್ಲೂ ನಮ್ಮ ಕಂದು ಬಣ್ಣ, ಸಾಫ್ಟ್‌ವೇರಿನ ಲೆಕ್ಕದಲ್ಲಿ ಬರುವುದು ಈ ಕಿತ್ತಳೆಯ ವ್ಯಾಪ್ತಿಯಲ್ಲಿಯೇ. ಪರಿಣಾಮವಾಗಿ ಮುಖ ಎರಡು ಛಾಯೆ ಬೆಳ್ಳಗಾಗುತ್ತದೆ, ನೆರಳಿನ ಬದಿಯ ಕೆನ್ನೆ ಬೂದಿ ಬಳಿದಂತೆ ಕಾಣುತ್ತದೆ. ಫೇರ್‌ನೆಸ್ ಕ್ರೀಮನ್ನು ಧಿಕ್ಕರಿಸಿದವರು ಅದನ್ನು ಇನ್ನೊಂದು ಡಬ್ಬಿಯಲ್ಲಿ ಕೊಂಡಂತೆ.

ಕಾಸ್‌ಪ್ಲೇಯಲ್ಲಿ ಇದು ಇಮ್ಮಡಿ ಹಾನಿ. ಒಂದನೆಯದು, ಪಾತ್ರದ ಗುರುತೇ ಬಣ್ಣ. ಕವಚದ ಬಂಗಾರ, ಚರ್ಮದ ಪಟ್ಟಿಯ ಕಂದು ಮುಖದೊಂದಿಗೇ ಮಾಸಿಹೋಗುತ್ತವೆ. ಎರಡನೆಯದು ಹೆಚ್ಚು ಗಂಭೀರವಾದುದು. ಆನಿಮೆಯ ಬಹುಪಾಲು ಪಾತ್ರಗಳು ತಿಳಿಬಣ್ಣದವು. ಹೀಗಾಗಿ ಕಪ್ಪು, ಕಂದು ಮೈಬಣ್ಣದ ವೇಷಧಾರಿಗಳು ‘ಪಾತ್ರಕ್ಕೆ ಹೊಂದುವುದಿಲ್ಲ’ ಎಂಬ ಮಾತನ್ನು ಹಲವು ದೇಶಗಳಲ್ಲಿ ಕೇಳುತ್ತ ಬಂದಿದ್ದಾರೆ. ಧೈರ್ಯ ಮಾಡಿ ವೇಷ ತೊಟ್ಟವರ ಮೈಬಣ್ಣವನ್ನು ಚಿತ್ರ ತೆಗೆದವರೇ, ಅದೂ ಕೇಳದೆ, ಅಳಿಸಿಬಿಟ್ಟರೆ ಆ ಟೀಕೆಗೆ ಮೌನ ಸಮ್ಮತಿ ನೀಡಿದಂತಾಗುತ್ತದೆ.

ಉದ್ಯಮ ಈ ಬಗ್ಗೆ ಸಂಪೂರ್ಣ ಕುರುಡಾಗಿಲ್ಲ. ಗೂಗಲ್ 2021ರಲ್ಲಿ ಪಿಕ್ಸೆಲ್ 6 ಫೋನಿನೊಂದಿಗೆ ‘ರಿಯಲ್ ಟೋನ್’ ವ್ಯವಸ್ಥೆ ತಂದಿತು. ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಾಂಕ್ ರೂಪಿಸಿದ ಹತ್ತು ಛಾಯೆಗಳ ಮೈಬಣ್ಣದ ಅಳತೆಪಟ್ಟಿಯನ್ನು 2022ರಲ್ಲಿ ಬಿಡುಗಡೆ ಮಾಡಿತು. ಆದರೆ ಪ್ರಿಸೆಟ್ ಮಾರುವವರಿಗೆ ಅಂಥ ಯಾವ ಅಳತೆಪಟ್ಟಿಯ ಹಂಗೂ ಇಲ್ಲ.

ಹಾಗೆಂದು ಫಿಲ್ಮಿನ ಬಣ್ಣವನ್ನೇ ತೊರೆಯಬೇಕೆಂದಲ್ಲ. ಆ ಬಣ್ಣಕ್ಕೆ ಒಂದು ಮಾಧುರ್ಯವಿದೆ. ಬೆಳಕಿನ ಪ್ರಮಾಣವನ್ನು ಬಿಳಿ ಗೋಡೆಯಿಂದಲ್ಲ, ಮುಖದಿಂದಲೇ ನಿರ್ಧರಿಸಬೇಕು. ಮೊದಲ ಚಿತ್ರದಲ್ಲಿ ಬೂದು ಕಾರ್ಡೊಂದನ್ನು ಕೈಗೆ ಕೊಟ್ಟು ಬಣ್ಣದ ಸಮತೋಲನ ಸರಿಪಡಿಸಿಕೊಳ್ಳಬೇಕು. ಪ್ರಿಸೆಟ್ ಹಾಕಿದ ಬಳಿಕ ಕಿತ್ತಳೆಯ ಹೊಳಪನ್ನು ಸೊನ್ನೆಗೆ ಇಳಿಸಿ, ಎರಡೂ ಚಿತ್ರಗಳನ್ನು ವೇಷ ತೊಟ್ಟವರ ಮುಂದಿಟ್ಟು, ಇದರಲ್ಲಿ ನಿಮ್ಮ ಮುಖ ಯಾವುದು ಎಂದು ಕೇಳಬೇಕು.