ಬ್ಯಾರಲ್ ಒಳಗೆ ಇಣುಕುವುದನ್ನು ಕಲಿಯೋಣ

ರಾಣೆಬೆನ್ನೂರಿನ ಬೀಜೋತ್ಪಾದನೆ ಪ್ಲಾಟುಗಳಲ್ಲಿ, ಬ್ಯಾಡಗಿ ಸುತ್ತಲಿನ ಮೆಣಸಿನಕಾಯಿ ಹೊಲಗಳಲ್ಲಿ ಡ್ರಿಪ್ ಪೈಪು ಈಗ ಹೊಸದಲ್ಲ. ಹೂ ಬಿಡುವ ಹೊತ್ತಿಗೆ ಪೈಪು ಸೀಳಿಹೋಗಿ ನೀರು ತಪ್ಪಿದರೆ ಹೂ ಉದುರುತ್ತದೆ. ಆಗ ರೈತ ಅಂಗಡಿಯವನನ್ನು ಬೈಯುತ್ತಾನೆ. ಆದರೆ ತಯಾರಿಸುವಾಗ ಪ್ಲಾಸ್ಟಿಕ್ ಸರಿಯಾಗಿ ಕರಗದಿದ್ದುದೂ ಅದಕ್ಕೆ ಕಾರಣವಾಗಿರಬಹುದು.

ಪೈಪು ಮಾಡುವ ಎಕ್ಸ್‌ಟ್ರೂಡರ್ ಕೆಲಸ ಹೆಚ್ಚುಕಡಿಮೆ ಚಕ್ಕುಲಿ ಒತ್ತಿದಂತೆ. ಬಿಸಿ ಬ್ಯಾರಲ್ ಒಳಗೆ ತಿರುಗುವ ಸ್ಕ್ರೂ ಪ್ಲಾಸ್ಟಿಕ್ ಕಾಳುಗಳನ್ನು ಮುಂದೆ ತಳ್ಳುತ್ತದೆ. ಕರಗಿದ್ದು ಡೈ ಮೂಲಕ ಪೈಪಾಗಿ ಹೊರಬರುತ್ತದೆ. ಕರಗಿಸುವುದು ಹೀಟರ್ ಒಂದೇ ಅಲ್ಲ. ಸ್ಕ್ರೂ ತಿಕ್ಕಾಟದಿಂದ ಹುಟ್ಟುವ ಶಾಖದ ಪಾಲೂ ದೊಡ್ಡದು. ಪ್ಯಾನಲ್‌ನಲ್ಲಿ 200 ಡಿಗ್ರಿ ಎಂದಿದ್ದರೆ ಅದು ಸಾಮಾನ್ಯವಾಗಿ ಬ್ಯಾರಲ್ ಗೋಡೆಯ ಬಿಸಿ. ಅನ್ನವಾದರೆ ಒಂದು ಅಗುಳು ಹಿಸುಕಿ ನೋಡಬಹುದು, ಇಲ್ಲಿ ಹೇಗೆ ನೋಡುವುದು?

1959ರಲ್ಲಿ ಅಮೆರಿಕದ ಬ್ರೂಸ್ ಮ್ಯಾಡಕ್ ಓಡುತ್ತಿದ್ದ ಯಂತ್ರ ನಿಲ್ಲಿಸಿ, ತಣ್ಣಗಾಗಿಸಿ, ಸ್ಕ್ರೂ ಹೊರಗೆಳೆದು, ಅದರ ಮೇಲಿನ ಪ್ಲಾಸ್ಟಿಕ್ ಕತ್ತರಿಸಿ ನೋಡಿದರು. ಎಲ್ಲಿ ಕರಗಿದೆ, ಎಲ್ಲಿ ಗಟ್ಟಿಯಿದೆ ಎಂಬುದು ಆಗ ಕಣ್ಣಿಗೆ ಬಿತ್ತು. ಈಗ ಯಂತ್ರ ನಿಲ್ಲಿಸಬೇಕಿಲ್ಲ. ಬ್ಯಾರಲ್ ಉದ್ದಕ್ಕೂ ಒತ್ತಡದ ಸೆನ್ಸರ್ ಕೂರಿಸಬಹುದು. ಅಲ್ಟ್ರಾಸೌಂಡ್ ಕೂಡ ಬಳಸಬಹುದು. ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಶಬ್ದದ ವೇಗ ಬೇರೆ, ಕರಗಿದ್ದರಲ್ಲಿ ಬೇರೆ.

ಸೆನ್ಸರ್ ಬಂದರೆ ಆಪರೇಟರ್ ಕೆಲಸ ಹೋಗುತ್ತದೆ ಎಂದು ಹೆದರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒತ್ತಡ ಏರಿಳಿಯುತ್ತಿದೆ ಎಂದು ಗ್ರಾಫ್ ತೋರಿಸುತ್ತದೆ. ಕಾಳಿನಲ್ಲಿ ತೇವವಿದೆಯೋ, ಮರುಬಳಕೆ ಮಾಲು ಹೆಚ್ಚಾಯಿತೋ, ಜಾಲರಿ ಕಟ್ಟಿಕೊಂಡಿದೆಯೋ ಎಂದು ಹುಡುಕಲು ಯಂತ್ರ ಬಲ್ಲವರೇ ಬೇಕು. ಮರುಬಳಕೆ ಪ್ಲಾಸ್ಟಿಕ್ ಒಂದೊಂದು ಚೀಲಕ್ಕೆ ಒಂದೊಂದು ಥರ ಕರಗುವುದರಿಂದ ಇಂಥವರ ಅಗತ್ಯ ಇನ್ನೂ ಹೆಚ್ಚುತ್ತದೆ.

ಇದನ್ನು ಕಲಿಯಲು ಮೈಸೂರಿನಲ್ಲಿ ಸಿಪೆಟ್ ಇದೆ. ಆದರೆ ನಮ್ಮ ಜಿಲ್ಲೆಯ ಎಲ್ಲರಿಗೂ ಅಷ್ಟು ದೂರ ಹೋಗಿ ಓದಲಾಗದು. ಹಾವೇರಿ ಬಳಿಯ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಜಿಲ್ಲೆಯ ಪಾಲಿಟೆಕ್ನಿಕ್, ಐಟಿಐಗಳು ಸೇರಿ ಒಂದು ಸಣ್ಣ ಎಕ್ಸ್‌ಟ್ರೂಡರ್, ಎರಡು ಸೆನ್ಸರ್ ತರಿಸಿದರೂ ಕಲಿಕೆ ಶುರುವಾಗುತ್ತದೆ. ಗೆಳೆಯರೇ, ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವ ಬದಲು ಇದನ್ನೇ ಕೈಗೆತ್ತಿಕೊಳ್ಳೋಣ. ಸಂದರ್ಶನದಲ್ಲಿ ಹೇಳಲು ನಮ್ಮದೇ ಕೆಲಸವಿರುತ್ತದೆ, ಹೊಲದಲ್ಲಿ ಅಪ್ಪನ ಪೈಪೂ ಬಾಳಿಕೆ ಬಂದೀತು.