ಕನಿಷ್ಠ ಆಮದು ಬೆಲೆ ಏರಿಸಿದರೆ ಅಡಿಕೆ ಉಳಿಯದು

ಅಡಿಕೆ ಧಾರಣೆ ಸ್ವಲ್ಪ ಕುಸಿದರೆ ಸಾಕು, ಶಿವಮೊಗ್ಗದಿಂದ ಪುತ್ತೂರಿನವರೆಗೆ ಒಂದೇ ಬೇಡಿಕೆ: ಕನಿಷ್ಠ ಆಮದು ಬೆಲೆ ಏರಿಸಿ. ನಿಯೋಗ ದೆಹಲಿಗೆ ಹೋಗುತ್ತದೆ, ಸಚಿವರಿಗೆ ಮನವಿ ಕೊಟ್ಟ ಫೋಟೊ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಇದಕ್ಕಿಂತ ಕಡಿಮೆ ದರ ತೋರಿಸಿ ಅಡಿಕೆ ತರುವಂತಿಲ್ಲ ಎಂಬುದು ಇದರ ಅರ್ಥ. 2017ರಲ್ಲಿ ಕಿಲೋಗೆ 251 ರೂಪಾಯಿ ಇದ್ದ ಈ ಬೆಲೆ 2023ರ ಫೆಬ್ರುವರಿಯಲ್ಲಿ 351 ಆಯಿತು. ಕಳ್ಳ ಅಡಿಕೆ ನಿಂತಿತೇ? ನಿಲ್ಲಲಿಲ್ಲ. ಇನ್ನೂ ನೂರು ರೂಪಾಯಿ ಏರಿಸಿದರೂ ನಿಲ್ಲುವುದಿಲ್ಲ.

ಲೆಕ್ಕ ನೋಡಿ. ಅಡಿಕೆಗೆ ಮೂಲ ಸೀಮಾಸುಂಕ ಶೇ 100. 351 ರೂಪಾಯಿ ಎಂದು ಘೋಷಿಸಿ ತಂದವನು ಅಷ್ಟೇ ಸುಂಕವನ್ನೂ ಕಟ್ಟಿದರೆ ಮಾಲು ಬಂದರು ದಾಟುವ ಹೊತ್ತಿಗೆ ಕಿಲೋಗೆ 700 ಮೀರಿರುತ್ತದೆ. ಅದನ್ನು ಇಲ್ಲಿ ಮಾರಿ ಲಾಭ ಮಾಡಲು ಯಾರಿಂದಲೂ ಆಗದು. ಆದರೆ ಅದೇ ಅಡಿಕೆ ಶ್ರೀಲಂಕಾದಲ್ಲಿ ಬೆಳೆದದ್ದು ಎಂಬ ಮೂಲ ಪ್ರಮಾಣಪತ್ರ ಜೊತೆಗಿದ್ದರೆ, ಮುಕ್ತ ವ್ಯಾಪಾರ ಒಪ್ಪಂದದ ಬಲದಿಂದ ಸುಂಕವೇ ಬೀಳುವುದಿಲ್ಲ. ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರಕ್ಕಾಗಿ ಇರುವ ಸಾಫ್ಟಾ ಒಪ್ಪಂದದಡಿ ನೆರೆಯ ಬಡ ದೇಶಗಳಿಗೂ ಇಂಥದೇ ರಿಯಾಯಿತಿ ಇದೆ. ಇಂಡೋನೇಷ್ಯಾದ ಅಗ್ಗದ ಅಡಿಕೆ ಈ ಕಾಗದ ಹೊತ್ತು ಬಂದರೆ, ಇನ್‌ವಾಯ್ಸಿನಲ್ಲಿ 351 ಎಂದು ಉಬ್ಬಿಸಿ ಬರೆದು, ಬ್ಯಾಂಕಿನ ಮೂಲಕ ಹೊರಹೋದ ಹೆಚ್ಚುವರಿ ಹಣವನ್ನು ಹವಾಲಾದಲ್ಲಿ ವಾಪಸು ತರಿಸಿಕೊಂಡರೆ ಕೆಲಸ ಮುಗಿಯಿತು. ಬೆಲೆ ಏರಿಸಿದಷ್ಟೂ ಉಬ್ಬಿಸಿ ಬರೆಯುವ ಅಂಕಿ ದೊಡ್ಡದಾಗುತ್ತದೆ, ಅಷ್ಟೇ. ಕೊನೆ ಕೊಯ್ಸಿ, ಸುಲಿಸಿ, ಬೇಯಿಸಿ, ಒಣಗಿಸಿ ರಾಶಿ ಮಾಡಿದವನು ಮಂಡಿಯಲ್ಲಿ ಕೂತು ಈ ಕಾಗದದ ಜೊತೆ ಪೈಪೋಟಿ ಮಾಡಬೇಕು. ಇದು ಅನ್ಯಾಯ.

ಹಾಗೆಂದು ಕಾನೂನು ಇಲ್ಲವೆಂದಲ್ಲ. 2020ರಲ್ಲಿ ಸೀಮಾಸುಂಕ ಕಾಯ್ದೆಗೆ 28ಡಿಎ ಎಂಬ ಹೊಸ ಕಲಂ ಸೇರಿತು. ಅದೇ ವರ್ಷದ ಸೆಪ್ಟೆಂಬರ್ 21ರಿಂದ ಮಾಲಿನ ಮೂಲ ಪರಿಶೀಲಿಸುವ ಕರೋಟಾರ್ ನಿಯಮಗಳು ಜಾರಿಯಾದವು. ಪ್ರಮಾಣಪತ್ರ ತೋರಿಸಿದ ಮಾತ್ರಕ್ಕೆ ರಿಯಾಯಿತಿ ಸಿಗುವುದಿಲ್ಲ, ಮಾಲು ನಿಜಕ್ಕೂ ಆ ದೇಶದ್ದೇ ಎಂಬ ಮಾಹಿತಿ ಆಮದುದಾರನ ಬಳಿ ಇರಬೇಕು, ಐದು ವರ್ಷ ಇಟ್ಟುಕೊಂಡಿರಬೇಕು. ಅನುಮಾನ ಬಂದರೆ ಅಧಿಕಾರಿ ಪ್ರಮಾಣಪತ್ರ ಕೊಟ್ಟ ದೇಶವನ್ನೇ ಕೇಳಬಹುದು, ಉತ್ತರ ಬರುವವರೆಗೆ ರಿಯಾಯಿತಿ ತಡೆಹಿಡಿಯಬಹುದು. ಅಡಿಕೆಯ ಮಟ್ಟಿಗೆ ಪ್ರಶ್ನೆ ತೀರಾ ಸರಳ: ಯಾವ ನೆಲದಲ್ಲಿ ಬೆಳೆಯಿತು? ಇಷ್ಟು ಹರಿತವಾದ ಅಸ್ತ್ರ ಕೈಯಲ್ಲಿರುವಾಗ ನಮ್ಮ ನಿಯೋಗಗಳು ಅದರ ಹೆಸರನ್ನೂ ಎತ್ತದಿರುವುದು ನನಗೆ ಸಿಟ್ಟು ತರಿಸುತ್ತದೆ.

ಇನ್ನೊಂದು ಕಂಡಿಯ ಕಥೆಯನ್ನೂ ಹೇಳಲೇಬೇಕು. ಕನಿಷ್ಠ ಬೆಲೆಯ ಷರತ್ತು ಇದ್ದದ್ದು ಸುಂಕಪಟ್ಟಿಯ ಎಂಟನೇ ಅಧ್ಯಾಯದ ಅಡಿಕೆಗೆ. ‘ಹುರಿದ ಅಡಿಕೆ’ ಎಂದು ಘೋಷಿಸಿದರೆ ಮಾಲು ಇಪ್ಪತ್ತನೇ ಅಧ್ಯಾಯಕ್ಕೆ ಹೋಗುತ್ತದೆ, ಅಲ್ಲಿ ಷರತ್ತು ಇರಲಿಲ್ಲ. ಮುಂಗಡ ತೀರ್ಪು ಪ್ರಾಧಿಕಾರ ಈ ವರ್ಗೀಕರಣವನ್ನು ಒಪ್ಪಿತು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನ್ಯಾಯಾಲಯದ ಮೇಲೆ ತಕರಾರಿಲ್ಲ. ಸುಂಕಪಟ್ಟಿಯಲ್ಲಿ ಹುರಿದ ಬೀಜಗಳಿಗೆ ಇರುವ ಜಾಗವೇ ಅದು. ತಪ್ಪು ಸರ್ಕಾರದ್ದು. ಹುರಿದ ಅಡಿಕೆಗೂ 351ರ ಷರತ್ತು ಹಾಕಿದ್ದು 2025ರ ಏಪ್ರಿಲ್‌ನಲ್ಲಿ. ಅಷ್ಟು ದಿನ ಬಾಗಿಲು ತೆರೆದೇ ಇತ್ತು.

ಇಂಥ ಕಂಡಿಗಳನ್ನು ಬಿಟ್ಟು ನಮ್ಮ ಕೂಗು ಬೇರೆಡೆಗೆ ತಿರುಗಿತು. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ಗಡಿಯ ಜೈಗಾಂವ್ ಮೂಲಕ ತರಲು 2022ರಲ್ಲಿ ಅನುಮತಿ ಕೊಟ್ಟಾಗ ನಮ್ಮಲ್ಲಿ ಆದ ಗಲಾಟೆ ದೊಡ್ಡದು. ಹಸಿ ಅಡಿಕೆ ಸುಲಿದು ಒಣಗಿದ ಮೇಲೆ ಎಷ್ಟು ಕಡಿಮೆ ತೂಗುತ್ತದೆ ಎಂದು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲಾಗಿ ಅದು ಬಹಿರಂಗವಾಗಿ, ಲೆಕ್ಕಕ್ಕೆ ಸಿಗುವಂತೆ ಬರುವ ಮಾಲು. ಮಿಜೋರಾಂ ಗಡಿಯಿಂದ ರಾತ್ರೋರಾತ್ರಿ ನುಗ್ಗುವ ಬರ್ಮಾ ಅಡಿಕೆಯ ಬಗ್ಗೆ ಅದರ ಅರ್ಧದಷ್ಟು ಕೂಗೂ ಏಳಲಿಲ್ಲ.

ಕನಿಷ್ಠ ಆಮದು ಬೆಲೆಯನ್ನು ನೆಚ್ಚಿಕೊಳ್ಳಬಾರದು ಎನ್ನಲು ಇನ್ನೊಂದು ಕಾರಣವಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ 4.2ನೇ ವಿಧಿಯ ಅಡಿಟಿಪ್ಪಣಿ, ಸದಸ್ಯ ದೇಶಗಳು ಇಟ್ಟುಕೊಳ್ಳಬಾರದ ಕ್ರಮಗಳ ಸಾಲಿನಲ್ಲಿ ಇದನ್ನು ಹೆಸರಿಸಿಯೇ ಸೇರಿಸಿದೆ. ಚಿಲಿ ದೇಶದ ‘ಪ್ರೈಸ್ ಬ್ಯಾಂಡ್’ ವ್ಯವಸ್ಥೆ ಬಿದ್ದದ್ದು ಇದೇ ವಿಧಿಯಡಿ. ಯಾವುದಾದರೂ ದೇಶ ತಕರಾರು ಎತ್ತಿದರೆ ಭಾರತದ ವಾದ ದುರ್ಬಲ. ಅದೇ, ಸುಳ್ಳು ಮೂಲ ಪ್ರಮಾಣಪತ್ರವನ್ನು ತಿರಸ್ಕರಿಸಿದರೆ ಆ ಸಂಸ್ಥೆಯಲ್ಲಿ ಯಾರೂ ಆಕ್ಷೇಪ ಎತ್ತುವಂತಿಲ್ಲ.

ಕರ್ನಾಟಕದ ಸಂಸದರು ಮುಂದಿನ ಅಧಿವೇಶನದಲ್ಲಿ ಹಣಕಾಸು ಸಚಿವಾಲಯವನ್ನು ಕೇಳಬೇಕಾದದ್ದು ಇಷ್ಟು. ರಿಯಾಯಿತಿ ಸುಂಕದಲ್ಲಿ ಬಂದ ಅಡಿಕೆಯ ಎಷ್ಟು ಪ್ರಮಾಣಪತ್ರಗಳನ್ನು ಪರಿಶೀಲನೆಗೆ ಕಳಿಸಿದಿರಿ, ಎಷ್ಟಕ್ಕೆ ಉತ್ತರ ಬಂತು, ಎಷ್ಟು ಸುಳ್ಳೆಂದು ತಿಳಿಯಿತು, ಎಷ್ಟು ಜನರಿಂದ ಸುಂಕ ವಸೂಲಾಯಿತು? ಬಂದರುವಾರು ಉತ್ತರ ಬೇಕು, ವರ್ಷವಾರು ಬೇಕು. ಉತ್ತರ ಸದನದಲ್ಲಿ ಮಂಡನೆಯಾದ ಮೇಲೆ ಸಹಕಾರ ಸಂಘಗಳು ಅದನ್ನು ತಮ್ಮ ಯಾರ್ಡುಗಳ ಗೋಡೆಗೆ ಅಂಟಿಸಲಿ.